ದಾನಪತ್ರದ ಬರಹ, ಕ್ರಯದ ವ್ಯವಹಾರ: ಅಂಗಾಂಗ ಮಾರಾಟವನ್ನು ತಡೆಯುವ ಕಾಯ್ದೆಯ ಬಗ್ಗೆ

(ಕಾನೂನು ವಿದ್ಯಾರ್ಥಿಗಳು ಹಾಗೂ ಆಸಕ್ತ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಜಮೀನು, ಮನೆ, ನಿವೇಶನಗಳ ವ್ಯವಹಾರಕ್ಕಾಗಿ ಒಂದೆರಡು ಸಲವಾದರೂ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಎರಡು ಬಗೆಯ ಪತ್ರಗಳ ಪರಿಚಯವಿರುತ್ತದೆ. ಒಂದು ಕ್ರಯಪತ್ರ, ಇನ್ನೊಂದು ದಾನಪತ್ರ. ಕ್ರಯಪತ್ರದಲ್ಲಿ ಹಣದ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಬರುತ್ತದೆ. ದಾನಪತ್ರದಲ್ಲಿ ಅದೇ ಜಾಗದಲ್ಲಿ ‘ನಿಮ್ಮ ಮೇಲಿನ ಪ್ರೀತಿ ವಿಶ್ವಾಸದಿಂದ’ ಎಂಬ ಮಾತು ಬರುತ್ತದೆ. ಪತ್ರಬರಹಗಾರರ ಬಳಿ ಈ ಮಾತು ಅಚ್ಚುಹಾಕಿಟ್ಟಂತೆ ಸಿದ್ಧವಿರುತ್ತದೆ. ತಾಯಿ ಮಗಳಿಗೆ ಕೊಡುವಾಗಲೂ ಅದೇ, ಒಬ್ಬರನ್ನೊಬ್ಬರು ಸರಿಯಾಗಿ ಅರಿಯದವರು ಯಾವುದೋ ನಿರ್ಬಂಧದಿಂದ ತಪ್ಪಿಸಿಕೊಳ್ಳಲು ಬರೆಸುವಾಗಲೂ ಅದೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 122ನೇ ಸೆಕ್ಷನ್ ಕೇಳುವುದು ಇಷ್ಟೇ: ಕೊಡುವವನು ಸ್ವಂತ ಇಚ್ಛೆಯಿಂದ, ಪ್ರತಿಫಲವಿಲ್ಲದೆ ಕೊಟ್ಟಿರಬೇಕು, ಪಡೆಯುವವನು ಒಪ್ಪಿಕೊಂಡಿರಬೇಕು. ಆ ಪ್ರೀತಿ ನಿಜವೇ ಎಂದು ರಿಜಿಸ್ಟ್ರಾರರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಮನುಷ್ಯನ ಅಂಗಾಂಗಗಳನ್ನು ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸುವ ನಮ್ಮ ದೇಶದ ಕಾಯ್ದೆ ಮೂಲದಲ್ಲಿ ಈ ಎರಡು ಪತ್ರಗಳ ನಡುವಿನ ವ್ಯತ್ಯಾಸದ ಮೇಲೆಯೇ ನಿಂತಿದೆ ಎಂಬುದು ನನ್ನ ಅಭಿಪ್ರಾಯ. ಅದು ಕ್ರಯವನ್ನು ಅಪರಾಧವೆಂದು ಘೋಷಿಸಿತು, ದಾನಕ್ಕೆ ಬಾಗಿಲು ತೆರೆದಿಟ್ಟಿತು, ಮತ್ತು ದಾನದ ಹಿಂದೆ ಪ್ರೀತಿ ಇದೆಯೆಂದು ಕಾಗದದ ಮೇಲೆ ತೋರಿಸಿ ಎಂದಿತು. ಕಾಗದದ ಮೇಲೆ ಕೇಳಿದ್ದನ್ನು ಕಾಗದದ ಮೇಲೆ ಒದಗಿಸುವುದು ದಳ್ಳಾಳಿಗಳಿಗೆ ಕಷ್ಟದ ಕೆಲಸವಾಗಲಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಈ ಒಂದು ವಿಷಯ.

ಅಂಗಾಂಗಗಳಿಗೆ ಮಾರುಕಟ್ಟೆ ಹುಟ್ಟಿದ್ದು ಬಡತನದಿಂದ ಮಾತ್ರವಲ್ಲ, ಬಡತನ ಮೊದಲಿನಿಂದಲೂ ಇತ್ತು. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರಿ ಅವರ ತಂಡ ಮೊದಲ ಬಾರಿಗೆ ಯಶಸ್ವಿಯಾಗಿ ಮೂತ್ರಪಿಂಡ ಕಸಿ ಮಾಡಿದಾಗ ಕೊಟ್ಟವರೂ ಪಡೆದವರೂ ಒಂದೇ ರೂಪದ ಅವಳಿ ಸೋದರರಾಗಿದ್ದರು. ಅವಳಿಗಳಲ್ಲದವರ ಅಂಗವನ್ನು ದೇಹ ಪರಕೀಯವೆಂದು ಗುರುತಿಸಿ ತಳ್ಳಿಹಾಕುತ್ತಿತ್ತು. ನಮ್ಮಲ್ಲಿ 1971ರಲ್ಲಿ ವೆಲ್ಲೂರಿನಲ್ಲಿ ಯಶಸ್ವಿ ಮೂತ್ರಪಿಂಡ ಕಸಿ ನಡೆದ ಕಾಲದಲ್ಲೂ ರಕ್ತಸಂಬಂಧಿಗಳೇ ಬೇಕು ಎಂಬುದು ಹೆಚ್ಚುಕಡಿಮೆ ವೈದ್ಯಕೀಯ ನಿಯಮವಾಗಿತ್ತು. 1980ರ ದಶಕದ ಆರಂಭದಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧ ಬಳಕೆಗೆ ಬಂದು ದೇಹದ ಪ್ರತಿರೋಧವನ್ನು ಹತೋಟಿಯಲ್ಲಿಡುವುದು ಸಾಧ್ಯವಾದ ಮೇಲೆ, ರಕ್ತಸಂಬಂಧವೇ ಇಲ್ಲದವರ ಮೂತ್ರಪಿಂಡವೂ ಪಡೆದವರ ದೇಹದಲ್ಲಿ ಉಳಿಯತೊಡಗಿತು. ಅಂದರೆ ಅಪರಿಚಿತನ ದೇಹಕ್ಕೆ ಮೊದಲ ಬಾರಿಗೆ ಬೆಲೆ ಬಂತು. ಔಷಧದ ಗುಣವೊಂದು ಹೀಗೆ ಅಪರಾಧಶಾಸ್ತ್ರದ ಅಧ್ಯಾಯವೊಂದನ್ನು ತೆರೆದದ್ದನ್ನು ಕಾನೂನು ಓದುವವರು ಗಮನಿಸಬೇಕು.

ಮುಂದಿನ ಹತ್ತು ವರ್ಷಗಳಲ್ಲಿ ಮುಂಬೈ, ಚೆನ್ನೈ ಮತ್ತು ನಮ್ಮ ಬೆಂಗಳೂರು ಮೂತ್ರಪಿಂಡ ಕೊಳ್ಳುವವರು ಬರುವ ಊರುಗಳಾದವು. ಕೊಲ್ಲಿ ರಾಷ್ಟ್ರಗಳಿಂದ ರೋಗಿಗಳು ವಿಮಾನವೇರಿ ಬರುತ್ತಿದ್ದರು. ಹಾಗೆ ಮುಂಬೈಯಲ್ಲಿ ಕಸಿ ಮಾಡಿಸಿಕೊಂಡು ಹಿಂದಿರುಗಿದ ಸಂಯುಕ್ತ ಅರಬ್ ಅಮೀರಶಾಹಿ ಮತ್ತು ಓಮಾನ್ ದೇಶಗಳ ರೋಗಿಗಳಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿರುವುದನ್ನೂ, ಕೆಲವರಿಗೆ ಎಚ್‌ಐವಿ ಸೋಂಕು ತಗುಲಿರುವುದನ್ನೂ ಅಲ್ಲಿನ ವೈದ್ಯರು 1990ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಚೆನ್ನೈನ ವಿಲ್ಲಿವಾಕ್ಕಂ ಬಡಾವಣೆಗೆ ಜನ ‘ಕಿಡ್ನಿವಾಕ್ಕಂ’ ಎಂದೇ ಅಡ್ಡಹೆಸರು ಇಟ್ಟಿದ್ದರು. ಆಗ ಇದನ್ನು ನೇರವಾಗಿ ಅಪರಾಧವೆನ್ನುವ ಕಾಯ್ದೆ ಅಮೆರಿಕದಲ್ಲಿ 1984ರಿಂದ, ಬ್ರಿಟನ್ನಿನಲ್ಲಿ 1989ರಿಂದ ಇತ್ತು, ನಮ್ಮಲ್ಲಿ ಇರಲಿಲ್ಲ. ಬ್ರಿಟನ್ನಿನ ಕಾಯ್ದೆಗೆ ಕಾರಣವಾದದ್ದು ಟರ್ಕಿಯ ಬಡವರನ್ನು ಲಂಡನ್ನಿಗೆ ಕರೆಸಿ ಮೂತ್ರಪಿಂಡ ಕೊಂಡ ಪ್ರಕರಣ.

ನಮ್ಮ ಸಂಸತ್ತು ಒಪ್ಪಿದ ಮಾನವ ಅಂಗಾಂಗ ಕಸಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1994ರ ಜುಲೈ 8ರಂದು. ಅದು ಬಂದ ದಾರಿಯೇ ಸ್ವಲ್ಪ ಬಳಸು ದಾರಿ. ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯಪಟ್ಟಿಯ ವಿಷಯಗಳು. ಸಂಸತ್ತು ತಾನಾಗಿ ಇಡೀ ದೇಶಕ್ಕೆ ಕಾನೂನು ಮಾಡುವಂತಿಲ್ಲ. ಆದರೆ ಎರಡು ಅಥವಾ ಹೆಚ್ಚು ರಾಜ್ಯಗಳ ವಿಧಾನಮಂಡಲಗಳು ನಿರ್ಣಯ ಮಾಡಿ ಕೇಳಿಕೊಂಡರೆ ಆ ರಾಜ್ಯಗಳಿಗಾಗಿ ಸಂಸತ್ತು ಕಾನೂನು ಮಾಡಬಹುದು ಎಂದು ಸಂವಿಧಾನದ 252ನೇ ವಿಧಿ ಹೇಳುತ್ತದೆ. ಗೋವಾ, ಹಿಮಾಚಲ ಪ್ರದೇಶ, ಮಹಾರಾಷ್ಟ್ರ ಹಾಗೆ ಕೇಳಿಕೊಂಡವು. 1995ರ ಫೆಬ್ರುವರಿ 4ರಂದು ಕಾಯ್ದೆ ಆ ಮೂರು ರಾಜ್ಯಗಳಲ್ಲೂ ಕೇಂದ್ರಾಡಳಿತ ಪ್ರದೇಶಗಳಲ್ಲೂ ಜಾರಿಗೆ ಬಂತು. ಉಳಿದ ರಾಜ್ಯಗಳು ಒಂದೊಂದಾಗಿ ನಿರ್ಣಯ ಮಾಡಿ ಅಂಗೀಕರಿಸುತ್ತ ಬಂದವು, ಕರ್ನಾಟಕವೂ ಅಂಗೀಕರಿಸಿತು. ಈ 252ನೇ ವಿಧಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಇದು ಸಂವಿಧಾನದ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಷ್ಟೇ ಅಲ್ಲ. ಮುಂದೆ ಇದು ನಮ್ಮ ರಾಜ್ಯಕ್ಕೇ ತೊಡಕಾಗುವುದನ್ನು ಹೇಳುವವನಿದ್ದೇನೆ.

ಕಾಯ್ದೆ ಒಟ್ಟಿಗೆ ಎರಡು ಕೆಲಸಗಳನ್ನು ಮಾಡಿತು. ಮಿದುಳು ಕಾಂಡ ಸತ್ತ ವ್ಯಕ್ತಿಯನ್ನು, ಹೃದಯ ಇನ್ನೂ ಬಡಿಯುತ್ತಿದ್ದರೂ, ಮೃತನೆಂದು ಕಾನೂನಿನ ಕಣ್ಣಲ್ಲಿ ಒಪ್ಪಿಕೊಂಡಿತು. ಆ ಮೂಲಕ ಮೃತರಿಂದ ಹೃದಯ, ಯಕೃತ್ತು, ಮೂತ್ರಪಿಂಡಗಳನ್ನು ಪಡೆಯುವ ದಾರಿ ತೆರೆಯಿತು. ಎರಡನೆಯದಾಗಿ, ಅಂಗಾಂಗಗಳ ವಾಣಿಜ್ಯ ವ್ಯವಹಾರವನ್ನು ಅಪರಾಧವೆಂದು ಸಾರಿತು. ಮೊದಲನೆಯದು ಎಷ್ಟು ಕಾತರದಿಂದ ಕಾಯುತ್ತಿದ್ದ ವಿಷಯವೆಂದರೆ, ಅಂಕಿತ ಬಿದ್ದ ತಿಂಗಳೊಳಗೆ, 1994ರ ಆಗಸ್ಟ್ 3ರಂದು, ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರು ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ಕಾಯ್ದೆ ಜಾರಿಗೆ ಬರುವುದಕ್ಕೆ ಇನ್ನೂ ಆರು ತಿಂಗಳಿತ್ತು ಎಂಬುದನ್ನು ವಕೀಲನಾದ ನಾನು ಗಮನಿಸದೆ ಇರಲಾರೆ, ಆದರೆ ಆಕ್ಷೇಪಿಸುವಷ್ಟು ಕಠಿಣನೂ ಅಲ್ಲ.

ಇನ್ನು ಮಾರಾಟದ ವಿಷಯ. 19ನೇ ಸೆಕ್ಷನ್ ತನ್ನ ಬಲೆಯನ್ನು ಬಹಳ ಅಗಲವಾಗಿ ಬೀಸುತ್ತದೆ. ಅಂಗಕ್ಕಾಗಿ ಹಣ ಕೊಟ್ಟವನು, ಪಡೆದವನು, ಹಣಕ್ಕೆ ಅಂಗ ಕೊಡುವವರನ್ನು ಹುಡುಕಿದವನು, ಕೊಡುತ್ತೇನೆಂದು ಮುಂದೆ ಬಂದವನು, ನಡುವೆ ನಿಂತು ಮಾತುಕತೆ ಕುದುರಿಸಿದವನು, ಜಾಹೀರಾತು ಹಾಕಿದವನು, ಎಲ್ಲರೂ ಅಪರಾಧಿಗಳೇ. ಗಮನಿಸಿ: ಸಾಲದ ಹೊರೆ ತಾಳಲಾರದೆ ಮೂತ್ರಪಿಂಡ ಮಾರಿದ ಕೂಲಿಕಾರ್ಮಿಕನೂ ಈ ಪಟ್ಟಿಯಲ್ಲಿದ್ದಾನೆ. ದಳ್ಳಾಳಿ 3 ಲಕ್ಷ ಕೊಡುತ್ತೇನೆಂದು ಹೇಳಿ 50 ಸಾವಿರ ಕೈಗಿತ್ತು ಕಳುಹಿಸಿದನೆಂದು ಇಟ್ಟುಕೊಳ್ಳಿ. ಮೋಸಹೋದವನು ಸಿವಿಲ್ ನ್ಯಾಯಾಲಯಕ್ಕೆ ಹೋದರೆ, ಕಾನೂನು ನಿಷೇಧಿಸಿದ ಉದ್ದೇಶಕ್ಕಾಗಿ ಮಾಡಿದ ಕರಾರು ಶೂನ್ಯವೆಂದು 1872ರ ಕರಾರು ಕಾಯ್ದೆಯ 23ನೇ ಸೆಕ್ಷನ್ ಅವನನ್ನು ಬಾಗಿಲಲ್ಲೇ ತಡೆಯುತ್ತದೆ. ಪೊಲೀಸ್ ಠಾಣೆಗೆ ಹೋದರೆ ತಾನೂ ಆರೋಪಿಯಾಗಬೇಕಾಗುತ್ತದೆ. ಹಾಗಾಗಿ ಈ ಅಪರಾಧದಲ್ಲಿ ಬಾಯಿ ಬಿಡಬೇಕಾದ ಮುಖ್ಯ ಸಾಕ್ಷಿಯೇ ಬಾಯಿ ಮುಚ್ಚಿಕೊಂಡಿರುತ್ತಾನೆ. ದಳ್ಳಾಳಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಬೇರೆ ಬೇಕಿಲ್ಲ. ಮಾರಿದವನನ್ನು ಅಪರಾಧಿಯೆನ್ನದೆ, ಅಪರಾಧಕ್ಕೆ ಬಲಿಯಾದವನೆಂದು ನೋಡಬೇಕೆಂಬ ವಾದದ ಪರವಾಗಿ ನಾನಿದ್ದೇನೆ. ಭಾರತೀಯ ದಂಡಸಂಹಿತೆಗೆ 2013ರಲ್ಲಿ ತಂದ ತಿದ್ದುಪಡಿಯಲ್ಲೂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ನಿನಲ್ಲೂ ಮಾನವ ಸಾಗಣೆಯ ಶೋಷಣೆಗಳಲ್ಲಿ ಬಲವಂತವಾಗಿ ಅಂಗ ತೆಗೆಯುವುದನ್ನೂ ಸೇರಿಸಿರುವುದರಿಂದ ಆ ದಾರಿ ಸ್ವಲ್ಪ ತೆರೆದಿದೆ. ಆದರೆ ಅಲ್ಲಿ ‘ಬಲವಂತ’ ಎಂಬ ಪದವಿದೆ. ಸಾಲದ ಒತ್ತಡವನ್ನು ಆ ಪದದೊಳಗೆ ಹಿಡಿಸುವುದು ಸುಲಭವಲ್ಲ.

ಈಗ 9ನೇ ಸೆಕ್ಷನ್ನಿಗೆ ಬರೋಣ; ನನ್ನ ದೃಷ್ಟಿಯಲ್ಲಿ ಇಡೀ ಕಾಯ್ದೆಯ ಹೃದಯವೂ ಇದೇ, ರಂಧ್ರವೂ ಇದೇ. ಬದುಕಿರುವ ವ್ಯಕ್ತಿ ತನ್ನ ಹತ್ತಿರದ ಸಂಬಂಧಿಗೆ ಅಂಗ ಕೊಡಬಹುದು. ಹತ್ತಿರದ ಸಂಬಂಧಿ ಎಂದರೆ ಮೊದಲು ಪತಿ, ಪತ್ನಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು ಮಾತ್ರ. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಅಷ್ಟಕ್ಕೇ ನಿಂತಿದ್ದರೆ ಕಾಯ್ದೆ ಬಿಗಿಯಾಗಿರುತ್ತಿತ್ತು, ಕ್ರೂರವೂ ಆಗಿರುತ್ತಿತ್ತು. ಸೋದರಮಾವನಿಗೆ, ಅತ್ತಿಗೆಗೆ, ಮೂವತ್ತು ವರ್ಷದ ಗೆಳೆಯನಿಗೆ ಕೊಡುವವರು ನಮ್ಮಲ್ಲಿ ನಿಜವಾಗಿಯೂ ಇದ್ದಾರೆ. ಆದ್ದರಿಂದ 9ನೇ ಸೆಕ್ಷನ್ನಿನ 3ನೇ ಉಪಸೆಕ್ಷನ್, ಪಡೆಯುವವರ ಮೇಲಿನ ವಾತ್ಸಲ್ಯದಿಂದ ಅಥವಾ ಮಮತೆಯಿಂದ ಅಥವಾ ಬೇರೆ ವಿಶೇಷ ಕಾರಣದಿಂದ ಕೊಡಲಿಚ್ಛಿಸುವವರು ಅನುಮತಿ ಸಮಿತಿಯ ಪೂರ್ವಾನುಮತಿ ಪಡೆದು ಕೊಡಬಹುದು ಎಂದಿತು. ನಮ್ಮ ಶಾಸನ ಪುಸ್ತಕಗಳಲ್ಲಿ ವಾತ್ಸಲ್ಯ ಎಂಬ ಪದ ಇಷ್ಟು ಭಾರ ಹೊತ್ತ ಸೆಕ್ಷನ್ ಇನ್ನೊಂದನ್ನು ನಾನು ನೋಡಿಲ್ಲ.

ನಾನು ವಕೀಲಿ ವೃತ್ತಿಗೆ ಬಂದ ಹೊಸದರಲ್ಲಿ ನಡೆದ ಒಂದು ಸಂಗತಿ ಇದಕ್ಕೆ ಸಂಬಂಧಿಸಿದ್ದು. ನಮ್ಮ ಹಿರಿಯ ವಕೀಲರು ನೋಟರಿಯೂ ಆಗಿದ್ದರು. ಒಂದು ಮಧ್ಯಾಹ್ನ ಸುಮಾರು ಮೂವತ್ತು ವರ್ಷದ ಹೆಂಗಸೊಬ್ಬರು ಮೊದಲೇ ಟೈಪ್ ಮಾಡಿಸಿದ ಅಫಿಡವಿಟ್ ಹಿಡಿದು ಬಂದರು. ಜೊತೆಗೆ ಬಂದ ಗಂಡಸು ಒಳಗೆ ಬರಲಿಲ್ಲ, ಬಾಗಿಲ ಹೊರಗೆ ನಿಂತು ನೋಟರಿ ಶುಲ್ಕ ಎಷ್ಟೆಂದು ಮಾತ್ರ ಕೇಳಿದ. ಆಕೆಗೆ ಓದಲು ಬರುತ್ತಿರಲಿಲ್ಲ. ಇದರಲ್ಲಿ ಏನು ಬರೆದಿದೆ ಹೇಳಿ ಸಾರ್ ಎಂದರು. ನಾನು ಓದಿ ಹೇಳಿದೆ: ಇಂಥವರನ್ನು ತಾವು ಹನ್ನೆರಡು ವರ್ಷಗಳಿಂದ ಬಲ್ಲಿರಿ, ಅವರು ತಮಗೆ ಸ್ವಂತ ಅಣ್ಣನ ಸಮಾನ, ಅವರ ಮೇಲಿನ ವಾತ್ಸಲ್ಯದಿಂದ ಯಾವ ಹಣದ ಆಸೆಯೂ ಇಲ್ಲದೆ ಎಡ ಮೂತ್ರಪಿಂಡವನ್ನು ದಾನ ಮಾಡುತ್ತಿದ್ದೀರಿ ಎಂದಿದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ‘ಅವರ ಹೆಸರು ಇನ್ನೊಂದು ಸಲ ಹೇಳಿ ಸಾರ್, ಸರಿಯಾಗಿ ಕಲಿತುಕೊಳ್ಳಬೇಕು’ ಎಂದರು. ಹಿರಿಯರು ಕಾಗದವನ್ನು ಹಿಂದಕ್ಕೆ ಕೊಟ್ಟುಬಿಟ್ಟರು. ಆಕೆ ಹೊರಡುವ ಮೊದಲು ಕೇಳಿದ ಇನ್ನೊಂದು ಮಾತಿದೆ, ಅದನ್ನು ಆಮೇಲೆ ಹೇಳುತ್ತೇನೆ. ಪಕ್ಕದ ಬೀದಿಯಲ್ಲಿ ಬೇರೆ ನೋಟರಿಗಳಿದ್ದರು.

ಸಮಿತಿಗಳು ಇದನ್ನೆಲ್ಲ ಅರಿಯದೆ ಕೂತಿವೆ ಎನ್ನಲಾಗದು. 1995ರ ನಿಯಮಗಳನ್ನು 2008ರಲ್ಲಿ ತಿದ್ದಿದಾಗಲೂ, 2014ರಲ್ಲಿ ಕೇಂದ್ರವು ಹೊಸದಾಗಿ ನಿಯಮಗಳನ್ನು ಬರೆದಾಗಲೂ, ವಾತ್ಸಲ್ಯವನ್ನು ಅಳೆಯುವುದು ಹೇಗೆ ಎಂಬುದನ್ನು ಸಾಕಷ್ಟು ವಿವರವಾಗಿ ಹೇಳಲಾಗಿದೆ. ಸಮಿತಿಯು ಇಬ್ಬರ ನಡುವಿನ ನಂಟನ್ನೂ, ಕೊಡುವುದಕ್ಕೆ ಕಾರಣವನ್ನೂ ವಿಚಾರಿಸಬೇಕು. ಇಬ್ಬರೂ ಒಟ್ಟಿಗೆ ಬಾಳಿದ್ದಕ್ಕೆ ದಾಖಲೆ ನೋಡಬೇಕು. ಇಬ್ಬರೂ ಒಟ್ಟಿಗಿರುವ ಹಳೆಯ ಫೋಟೊಗಳನ್ನು ನೋಡಬೇಕು. ನಡುವೆ ದಳ್ಳಾಳಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಇಬ್ಬರ ಉದ್ಯೋಗ ಮತ್ತು ಆದಾಯ ಏನೆಂದು ನೋಡಿ, ಎರಡರ ನಡುವೆ ಅಜಗಜಾಂತರವಿದ್ದರೆ ಅದನ್ನು ಮಾರಾಟ ತಡೆಯುವ ಉದ್ದೇಶದ ಹಿನ್ನೆಲೆಯಲ್ಲಿ ತೂಗಿ ನೋಡಬೇಕು. ಕೊಡುವವರ ಹತ್ತಿರದ ಸಂಬಂಧಿಯೊಬ್ಬರನ್ನಾದರೂ ಕರೆದು ಮಾತನಾಡಿಸಬೇಕು.

ಇವೆಲ್ಲ ಸದುದ್ದೇಶದ ನಿಯಮಗಳೇ. ಆದರೆ ಇವು ಯಾರನ್ನು ತಡೆಯುತ್ತವೆ ಎಂದು ಒಮ್ಮೆ ಯೋಚಿಸಿ. ಮೂವತ್ತು ವರ್ಷ ಯಜಮಾನರ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದವರಿಗೆ ನಿಜಕ್ಕೂ ಆ ಮನೆಯ ಮಗನ ಮೇಲೆ ಹೆತ್ತ ಕರುಳಿನ ಪ್ರೀತಿ ಇರಬಹುದು. ಅವರ ಬಳಿ ಆದಾಯ ತೆರಿಗೆಯ ಕಾಗದವಿರುವುದಿಲ್ಲ, ಜೊತೆಗೆ ತೆಗೆಸಿಕೊಂಡ ಫೋಟೊ ಇರುವುದಿಲ್ಲ, ಆದಾಯದ ಅಜಗಜಾಂತರವಂತೂ ಇದ್ದೇ ಇರುತ್ತದೆ. ಸಮಿತಿ ಅವರನ್ನು ಅನುಮಾನದಿಂದಲೇ ನೋಡಬೇಕಾಗುತ್ತದೆ. ಇನ್ನೊಂದು ಕಡೆ, ಈ ಪಟ್ಟಿಯನ್ನು ಸಮಿತಿಗಿಂತ ಚೆನ್ನಾಗಿ ಬಲ್ಲ ದಳ್ಳಾಳಿ ಬಾಡಿಗೆ ಕರಾರು, ಆಧಾರ್ ವಿಳಾಸ, ಮದುವೆಮನೆಯ ಫೋಟೊ, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಎಲ್ಲವನ್ನೂ ಕ್ರಮವಾಗಿ ಜೋಡಿಸಿಕೊಂಡು ಬರುತ್ತಾನೆ. ನಿಜವಾದ ಪ್ರೀತಿಗೆ ದಾಖಲೆಗಳು ಚೆಲ್ಲಾಪಿಲ್ಲಿ. ಕೊಂಡ ಪ್ರೀತಿಗೆ ಕಡತ ಅಚ್ಚುಕಟ್ಟು. 2011ರ ತಿದ್ದುಪಡಿ 19ನೇ ಸೆಕ್ಷನ್ನಿಗೆ ಹೊಸದೊಂದು ಖಂಡವನ್ನು ಸೇರಿಸಿ, ಹತ್ತಿರದ ಸಂಬಂಧವನ್ನಾಗಲಿ ವಾತ್ಸಲ್ಯವನ್ನಾಗಲಿ ಸಾಬೀತು ಮಾಡಲು ಸುಳ್ಳು ಅಫಿಡವಿಟ್ ಸೇರಿದಂತೆ ಸುಳ್ಳು ದಾಖಲೆಗಳನ್ನು ಸಿದ್ಧಪಡಿಸಲು ನೆರವಾಗುವುದೂ ಅಪರಾಧವೆಂದಿತು. ಇದನ್ನು ನಾನು ಶಾಸಕಾಂಗದ ತಪ್ಪೊಪ್ಪಿಗೆ ಎಂದೇ ಓದುತ್ತೇನೆ.

ಯಾವ ಸಮಿತಿ ವಿಚಾರಿಸಬೇಕು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಪಂಜಾಬಿನವರು ಚೆನ್ನೈಗೆ ಹೋಗಿ ಕಸಿ ಮಾಡಿಸಿಕೊಳ್ಳಲು ಹೊರಟ ಕುಲದೀಪ್ ಸಿಂಗ್ ಪ್ರಕರಣದಲ್ಲಿ, ಕೊಡುವವರೂ ಪಡೆಯುವವರೂ ಯಾವ ರಾಜ್ಯದವರೋ ಆ ರಾಜ್ಯದ ಸಮಿತಿಯೇ ಅವರ ನಂಟನ್ನು ಪರಿಶೀಲಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಹೇಳಿತು. ಊರವರ ನಂಟು ಊರಿನ ಹತ್ತಿರದವರಿಗೆ ಗೊತ್ತಾಗುತ್ತದೆಯೇ ಹೊರತು ಸಾವಿರಾರು ಮೈಲಿ ಆಚೆ ಆಸ್ಪತ್ರೆಯ ಕೊಠಡಿಯಲ್ಲಿ ಕೂತವರಿಗಲ್ಲ ಎಂಬ ಸರಳ ತಿಳಿವಳಿಕೆ ಆ ತೀರ್ಪಿನಲ್ಲಿದೆ. ವಿದೇಶಿಯರ ವಿಷಯದಲ್ಲಿ ಕಾಯ್ದೆ ಇನ್ನೂ ನೇರ: ಪಡೆಯುವವರು ವಿದೇಶಿಯರಾಗಿ ಕೊಡುವವರು ಭಾರತೀಯರಾಗಿದ್ದರೆ, ಇಬ್ಬರೂ ಹತ್ತಿರದ ಸಂಬಂಧಿಗಳಲ್ಲದ ಹೊರತು ಅನುಮತಿ ಇಲ್ಲ.

ಇಷ್ಟಾಗಿಯೂ ಜಾಲಗಳು ಬಯಲಾಗುತ್ತಲೇ ಇವೆ. 2008ರ ಜನವರಿಯಲ್ಲಿ ಗುರುಗ್ರಾಮದಲ್ಲಿ ಬಯಲಾದ ಜಾಲ ಅವುಗಳಲ್ಲಿ ಕುಖ್ಯಾತವಾದದ್ದು. ಕೂಲಿ ಕೆಲಸದ ಆಸೆ ತೋರಿಸಿ ಕರೆತಂದವರ ಮೂತ್ರಪಿಂಡ ತೆಗೆದ ಆರೋಪ, ಪ್ರಮುಖ ಆರೋಪಿ ನೇಪಾಳದಲ್ಲಿ ಸೆರೆಸಿಕ್ಕಿದ್ದು, ಇವೆಲ್ಲ ಆಗ ಪತ್ರಿಕೆಗಳ ಮುಖಪುಟದಲ್ಲಿದ್ದವು. ಕಾನೂನಿನವರಿಗೆ ಆ ಪ್ರಕರಣದಿಂದ ಹುಟ್ಟಿದ 2009ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಮುಖ್ಯ. ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಸಕ್ಷಮ ಪ್ರಾಧಿಕಾರ ಅಥವಾ ಅದರ ಪರವಾಗಿ ಅಧಿಕಾರ ಪಡೆದವರು ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಬಹುದು; ಬೇರೆಯವರಾದರೆ ಪ್ರಾಧಿಕಾರಕ್ಕೆ 60 ದಿನಗಳ ನೋಟಿಸು ಕೊಟ್ಟು ಕಾಯಬೇಕು. ನಿಗದಿತ ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸಿಲ್ಲ, ಆದ್ದರಿಂದ ಜಾಮೀನು ಕೊಡಿ ಎಂದು ಆರೋಪಿಗಳು ಕೇಳಿದಾಗ, ಈ ವಿಶೇಷ ಕಾಯ್ದೆಯಡಿ ಸಿಬಿಐ ಸಲ್ಲಿಸಬೇಕಾದದ್ದು ಪೊಲೀಸ್ ವರದಿಯಲ್ಲ, ದೂರು. ಆದ್ದರಿಂದ ಆ ಜಾಮೀನಿನ ಹಕ್ಕೂ ಇಲ್ಲಿ ಹುಟ್ಟುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಆ ದಿನ ಆರೋಪಿಗಳಿಗೆ ಅದು ಸೋಲು. ಆದರೆ ದೀರ್ಘಕಾಲದಲ್ಲಿ ಈ ಸೆಕ್ಷನ್ನಿನಿಂದ ಪೆಟ್ಟು ಬಿದ್ದಿರುವುದು ಅಭಿಯೋಜನೆಗೇ, ಅಂದರೆ ಮೊಕದ್ದಮೆ ನಡೆಸುವ ಸರ್ಕಾರದ ಪಕ್ಷಕ್ಕೇ. ಪೊಲೀಸರು ಕಾಯ್ದೆಯ ಈ ಕ್ರಮವನ್ನು ಮರೆತು ಎಂದಿನಂತೆ ದೋಷಾರೋಪ ಪಟ್ಟಿ ಸಲ್ಲಿಸಿದರೆ, ಎಷ್ಟೇ ಸಾಕ್ಷ್ಯವಿದ್ದರೂ ಪ್ರಕರಣ ತಾಂತ್ರಿಕ ಕಾರಣಕ್ಕೆ ಕುಸಿಯುತ್ತದೆ. ಆಸ್ಪತ್ರೆಗಳಿಗೆ ಪರವಾನಗಿ ಕೊಡುವ ಪ್ರಾಧಿಕಾರವೇ ಆ ಆಸ್ಪತ್ರೆಯಲ್ಲಿ ನಡೆದ ಅಪರಾಧದ ದೂರುದಾರನೂ ಆಗಬೇಕೆಂಬ ಏರ್ಪಾಡು ಜಾಣತನದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಶಿಕ್ಷೆಯ ವಿಷಯದಲ್ಲಿ ಆಗಲೇ ಹೇಳಿದ 252ನೇ ವಿಧಿ ಮತ್ತೆ ಎದುರಾಗುತ್ತದೆ. 1994ರ ಮೂಲ ಕಾಯ್ದೆಯಲ್ಲಿ ಮಾರಾಟಕ್ಕೆ 2ರಿಂದ 7 ವರ್ಷ ಸೆರೆವಾಸ, 10 ಸಾವಿರದಿಂದ 20 ಸಾವಿರ ರೂಪಾಯಿ ದಂಡ. ಇಂದು 20 ಸಾವಿರವೆಂದರೆ ಒಂದು ಸಾಧಾರಣ ಮೊಬೈಲಿನ ಬೆಲೆ. 2011ರ ತಿದ್ದುಪಡಿ ಇದನ್ನು 5ರಿಂದ 10 ವರ್ಷ ಸೆರೆವಾಸ, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡಕ್ಕೆ ಏರಿಸಿತು. ಅದು 2014ರ ಜನವರಿ 10ರಂದು ಜಾರಿಗೆ ಬಂತು. ಎಲ್ಲಿ? 252ನೇ ವಿಧಿಯ ಮೇಲೆ ನಿಂತ ಕಾಯ್ದೆಗೆ ಸಂಸತ್ತು ತಂದ ತಿದ್ದುಪಡಿಯನ್ನೂ ಪ್ರತಿಯೊಂದು ರಾಜ್ಯ ಮತ್ತೆ ನಿರ್ಣಯ ಮಾಡಿ ಅಂಗೀಕರಿಸಬೇಕು. ರಾಜ್ಯ ತಾನಾಗಿ ಆ ಕಾಯ್ದೆಯನ್ನು ತಿದ್ದಲೂ ಬಾರದು. ಕೊಟ್ಟ ಅಧಿಕಾರ ಹಿಂದಕ್ಕೆ ಬರುವುದಿಲ್ಲ, ಮೇಲಿಂದ ಬಂದ ತಿದ್ದುಪಡಿ ತಾನಾಗಿ ಅಂಟುವುದೂ ಇಲ್ಲ. ಪರಿಣಾಮ ಏನೆಂದರೆ, 2025ರ ನವೆಂಬರ್‌ನಲ್ಲಿಯೂ, ಅಂದರೆ ಸಂಸತ್ತು ತಿದ್ದುಪಡಿ ಮಾಡಿ ಹದಿನಾಲ್ಕು ವರ್ಷಗಳಾದ ಮೇಲೂ, ಅದನ್ನು ಇನ್ನೂ ಅಂಗೀಕರಿಸದ ರಾಜ್ಯಗಳಾಗಿ ಕರ್ನಾಟಕ, ತಮಿಳುನಾಡು, ಮಣಿಪುರಗಳನ್ನು ಹೆಸರಿಸಿ, ಬೇಗ ಅಂಗೀಕರಿಸಿ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಬೇಕಾಯಿತು. ಒಂದು ಕಾಲದಲ್ಲಿ ಮೂತ್ರಪಿಂಡದ ವ್ಯಾಪಾರಕ್ಕೆ ಹೆಸರಾದ ಎರಡು ಮಹಾನಗರಗಳು ಇರುವ ಎರಡು ರಾಜ್ಯಗಳೂ ಆ ಪಟ್ಟಿಯಲ್ಲಿದ್ದವು. ಒಂದು ದಿನದ ಅಧಿವೇಶನದಲ್ಲಿ ಮುಗಿಯಬಹುದಾದ ನಿರ್ಣಯವಿದು.

ಇಷ್ಟು ಕಷ್ಟಪಟ್ಟು ತಡೆಯುವ ಬದಲು ಮಾರಾಟವನ್ನೇ ಕಾನೂನುಬದ್ಧಗೊಳಿಸಿ, ಸರ್ಕಾರವೇ ನ್ಯಾಯವಾದ ಬೆಲೆ ನಿಗದಿ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಇದು ಹಗುರವಾದ ವಾದವಲ್ಲ. ಇರಾನ್ ದೇಶ 1988ರಿಂದ ಸರ್ಕಾರಿ ಮೇಲ್ವಿಚಾರಣೆಯಲ್ಲಿ, ಸಂಬಂಧಿಗಳಲ್ಲದ ದಾನಿಗಳಿಗೆ ಪರಿಹಾರ ಧನ ಕೊಡುವ ವ್ಯವಸ್ಥೆ ನಡೆಸುತ್ತಿದೆ. ಡಯಾಲಿಸಿಸ್ ಕುರ್ಚಿಯಲ್ಲಿ ವಾರಕ್ಕೆ ಮೂರು ಸಲ ಕೂತವರ ಮನೆಯವರಿಗೆ ನೀತಿಯ ಉಪನ್ಯಾಸ ಮಾಡುವುದು ಸುಲಭವೂ ಅಲ್ಲ, ಮರ್ಯಾದೆಯೂ ಅಲ್ಲ. ಆದರೂ ನಾನು ಆ ವಾದವನ್ನು ಒಪ್ಪದಿರುವುದಕ್ಕೆ ಕಾರಣ ತತ್ತ್ವಶಾಸ್ತ್ರವಲ್ಲ, ಚೆನ್ನೈ. 2001ರ ಫೆಬ್ರುವರಿಯಲ್ಲಿ ಅಲ್ಲಿ ಮೂತ್ರಪಿಂಡ ಮಾರಿದ 305 ಜನರನ್ನು ಸಂಶೋಧಕರು ಮಾತನಾಡಿಸಿದರು. ಫಲಿತಾಂಶ ಮರುವರ್ಷ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 96ರಷ್ಟು ಜನ ಮಾರಿದ್ದು ಸಾಲ ತೀರಿಸಲು. ಕೈಗೆ ಬಂದದ್ದು ಸರಾಸರಿ 1,070 ಡಾಲರ್. ಮಾರಿದ ಮೇಲೆ ಕುಟುಂಬದ ಆದಾಯ ಮೂರನೆಯ ಒಂದು ಭಾಗದಷ್ಟು ಇಳಿದಿತ್ತು, ನಾಲ್ಕರಲ್ಲಿ ಮೂವರು ಮಾತನಾಡಿಸಿದ ದಿನವೂ ಸಾಲದಲ್ಲೇ ಇದ್ದರು, ಶೇ. 86ರಷ್ಟು ಜನ ಆರೋಗ್ಯ ಕೆಟ್ಟಿದೆ ಎಂದರು. ಬೇರೆಯವರಿಗೆ ಮಾರಲು ಹೇಳುತ್ತೀರಾ ಎಂದರೆ ಶೇ. 79ರಷ್ಟು ಜನ ಇಲ್ಲ ಎಂದರು. ಬೆಲೆ ಹೆಚ್ಚಿಸಿದರೆ ಇದೆಲ್ಲ ಸರಿಯಾಗುತ್ತದೆ ಎನ್ನುವವರು ಒಂದನ್ನು ಮರೆಯುತ್ತಾರೆ: ಮೈ ಬಗ್ಗಿಸಿ ದುಡಿಯುವವನ ಬಂಡವಾಳ ಅವನ ಮೈ. ಮೂಟೆ ಹೊರುವವನು ಆಮೇಲೆ ಮೂಟೆ ಹೊರಲಾರದೆ ಹೋದರೆ ಯಾವ ಬೆಲೆಯೂ ಬಹಳ ದಿನ ಬರುವುದಿಲ್ಲ. ಅಲ್ಲದೆ, ಮೂತ್ರಪಿಂಡ ಮಾರಬಹುದಾದ ವಸ್ತುವಾದ ದಿನ ಸಾಲ ಕೊಡುವವನು ಅದನ್ನು ಅಡಮಾನವೆಂದು ಲೆಕ್ಕ ಹಾಕತೊಡಗುತ್ತಾನೆ.

ಕಾಯ್ದೆ ಅಪರಿಚಿತರ ದಾನವನ್ನು ಅನುಮಾನಿಸುವಷ್ಟು ಮನೆಯೊಳಗಿನ ದಾನವನ್ನು ಅನುಮಾನಿಸುವುದಿಲ್ಲ. ದೇಶದಲ್ಲಿ 1995ರಿಂದ 2021ರವರೆಗೆ ನಡೆದವೆಂದು ವರದಿಯಾದ 36,640 ಕಸಿಗಳಲ್ಲಿ ಅಂಗ ಪಡೆದವರು 29,000ಕ್ಕೂ ಹೆಚ್ಚು ಪುರುಷರು, 6,945 ಮಹಿಳೆಯರು. ಬದುಕಿದ್ದು ಕೊಟ್ಟವರಲ್ಲಿ ಮಾತ್ರ ಮಹಿಳೆಯರೇ ಹೆಚ್ಚು. ಗಂಡನಿಗೆ ಹೆಂಡತಿ, ಮಗನಿಗೆ ತಾಯಿ, ಅಣ್ಣನಿಗೆ ತಂಗಿ ಕೊಟ್ಟಾಗ ಅಲ್ಲಿ ಹಣದ ಮಾತೇ ಇರುವುದಿಲ್ಲ, ಆದ್ದರಿಂದ ಅಪರಾಧವೂ ಇಲ್ಲ. ಆದರೆ ‘ದುಡಿಯುವವನು ಅವನೇ ಅಲ್ಲವೇ’ ಎಂದು ಅಡುಗೆಮನೆಯಲ್ಲಿ ಆಡಿದ ಮಾತಿನ ಒತ್ತಡ ಯಾವ ಸಮಿತಿಯ ಮುಂದೆಯೂ ಬರುವುದಿಲ್ಲ. ಕೊಟ್ಟವರೆಲ್ಲ ಒತ್ತಡಕ್ಕೆ ಕೊಟ್ಟರೆಂದು ನಾನು ಹೇಳುತ್ತಿಲ್ಲ. ಪ್ರೀತಿಯಿಂದ ಕೊಟ್ಟವರೇ ಹೆಚ್ಚಿರಬಹುದು. ಪ್ರೀತಿ ಯಾವಾಗಲೂ ಒಂದೇ ದಿಕ್ಕಿಗೆ ಏಕೆ ಹರಿಯುತ್ತದೆ ಎಂದಷ್ಟೇ ಕೇಳುತ್ತಿದ್ದೇನೆ.

ಮಾರುಕಟ್ಟೆ ಬತ್ತಬೇಕಾದರೆ ಕಾಯ್ದೆಯ ಇನ್ನರ್ಧ, ಅಂದರೆ ಮೃತರ ದಾನ, ಬೆಳೆಯಬೇಕು. 2023ರಲ್ಲಿ ದೇಶದಲ್ಲಿ 18,378 ಕಸಿಗಳು ನಡೆದವು. ಆದರೆ ಅಂಗ ಕೊಟ್ಟ ಮೃತ ದಾನಿಗಳು 1,099 ಮಂದಿ. 140 ಕೋಟಿ ಜನರಿರುವ ದೇಶದಲ್ಲಿ ಇದು ಹತ್ತು ಲಕ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ಅದೇ ವರ್ಷ ಕರ್ನಾಟಕದಲ್ಲಿ 178 ಮೃತ ದಾನಿಗಳಿದ್ದರು, ತೆಲಂಗಾಣದಲ್ಲಿ 252. 2007ರಲ್ಲಿ ವಲಯ ಸಮನ್ವಯ ಸಮಿತಿಯಾಗಿ ಆರಂಭವಾಗಿ ಈಗ ‘ಜೀವಸಾರ್ಥಕತೆ’ ಎಂಬ ಹೆಸರಿನಲ್ಲಿ ನಡೆಯುತ್ತಿರುವ ನಮ್ಮ ರಾಜ್ಯದ ಸಂಸ್ಥೆ ಸರದಿ ಪಟ್ಟಿಯನ್ನು ನೋಡಿಕೊಳ್ಳುತ್ತದೆ. ಮೃತರ ಅಂಗ ಯಾರಿಗೆ ಹೋಗಬೇಕೆಂದು ಆ ಪಟ್ಟಿ ತೀರ್ಮಾನಿಸುವುದರಿಂದ ಅಲ್ಲಿ ದಳ್ಳಾಳಿಗೆ ನಿಲ್ಲಲು ಜಾಗ ಕಡಿಮೆ. 2021ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡು ಮಿದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದಾಗ, ‘ಹೃದಯ ಬಡಿಯುತ್ತಿರುವಾಗ ತೀರಿಕೊಂಡರು ಎಂದರೇನು’ ಎಂಬ ಪ್ರಶ್ನೆಯನ್ನು ಕನ್ನಡದ ಎಷ್ಟೋ ಮನೆಗಳು ಬಹುಶಃ ಮೊದಲ ಸಲ ತಮ್ಮೊಳಗೆ ಮಾತನಾಡಿಕೊಂಡವು. ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷೆ, ಅದಾದ ಮೇಲಷ್ಟೇ ಘೋಷಣೆ ಎಂಬ ಕಾನೂನಿನ ಕ್ರಮವನ್ನು ಜನರಿಗೆ ತಿಳಿಸುವ ಕೆಲಸ ಐಸಿಯು ಬಾಗಿಲಲ್ಲಿ, ದುಃಖದ ಹೊತ್ತಿನಲ್ಲಿ ಆರಂಭವಾಗಬಾರದು.

ಆ ಹೆಂಗಸು ಹೊರಡುವಾಗ ಕೇಳಿದ ಮಾತನ್ನು ಹೇಳುವುದು ಉಳಿದಿದೆ. ‘ಆಪರೇಷನ್ ಆದಮೇಲೆ ಮೂರು ತಿಂಗಳು ಕೂಲಿಗೆ ಹೋಗಬಾರದಂತೆ ಸಾರ್. ಕೊಡೋ ದುಡ್ಡಲ್ಲಿ ಅದೂ ಸೇರಿದೆಯಂತಾ, ಬೇರೆ ಕೊಡ್ತಾರಾ?’ ನಾನು ಆಗ ಉತ್ತರ ಹೇಳಲಿಲ್ಲ, ಗೊತ್ತಿರಲೂ ಇಲ್ಲ. ಕಾಯ್ದೆಯಲ್ಲಿ ‘ಪಾವತಿ’ ಎಂಬ ಪದದ ವ್ಯಾಖ್ಯಾನವನ್ನು ಓದಿದರೆ ಅದಕ್ಕೆ ಉತ್ತರವಿದೆ. ಅಂಗ ತೆಗೆಯುವ, ಸಾಗಿಸುವ, ಕೆಡದಂತೆ ಇಡುವ ವೆಚ್ಚವನ್ನೂ, ಅಂಗ ಕೊಟ್ಟದ್ದರಿಂದ ನೇರವಾಗಿ ಆದ ಖರ್ಚು ಮತ್ತು ಗಳಿಕೆಯ ನಷ್ಟವನ್ನೂ ಭರಿಸುವುದು ಮಾರಾಟದ ಪಾವತಿಯಲ್ಲ, ಅಪರಾಧವೂ ಅಲ್ಲ ಎಂದು ಅಲ್ಲಿ ಬರೆದಿದೆ. ಅಂಗದಾನ ಮಾಡಿದ ಕೇಂದ್ರ ಸರ್ಕಾರದ ನೌಕರರಿಗೆ 2023ರಿಂದ 42 ದಿನಗಳ ವಿಶೇಷ ಸಾಂದರ್ಭಿಕ ರಜೆ ಇದೆ. ಅವರ ಸಂಬಳ ನಿಲ್ಲುವುದಿಲ್ಲ. ಕೂಲಿಗೆ ಹೋಗುವವರ ಪರವಾಗಿ ಆ ವ್ಯಾಖ್ಯಾನವನ್ನು ತೋರಿಸಿ ನಷ್ಟದ ಲೆಕ್ಕವನ್ನು ಬಹಿರಂಗವಾಗಿ ಬರೆದುಕೊಟ್ಟ ಅರ್ಜಿಯನ್ನು ನನ್ನ ವೃತ್ತಿಯ ಇಷ್ಟು ವರ್ಷಗಳಲ್ಲಿ ಒಂದನ್ನೂ ನಾನು ಕಂಡಿಲ್ಲ. ಕಂಡ ಅಫಿಡವಿಟ್‌ಗಳಲ್ಲೆಲ್ಲ ಇದ್ದದ್ದು ವಾತ್ಸಲ್ಯ ಮಾತ್ರ.